ಫ್ಯಾನಿನಿಂದ ನೀಲಿ ನೀರು ಇಳಿದ ದಿನ

ಉತ್ತರೆ ಮಳೆ ಹಿಡಿದ ಎರಡನೇ ರಾತ್ರಿ ನಡುಮನೆಯ ಫ್ಯಾನಿನ ಬುಡದಿಂದ ನೀರು ತೊಟ್ಟಿಕ್ಕಿತು. ಹೊಸದೇನಲ್ಲ, ನಾಲ್ಕನೇ ವರ್ಷ ಅದು. ಬಳ್ಳಾರಿಯಲ್ಲಿ ಮಳೆಗಿಂತ ಬಿಸಿಲು ಜಾಸ್ತಿ. ಸೋರುವ ಮನೆಯನ್ನು ವರ್ಷದಲ್ಲಿ ಬಹುಪಾಲು ದಿನ ಮರೆತು ಆರಾಮಾಗಿ ಇರಬಹುದು. ನಾನು ಮಾಡಿದ್ದೂ ಅದನ್ನೇ.

ಆ ರಾತ್ರಿ ಮೊದಲು ಮಾಡಿದ ಕೆಲಸ ಆ ಕೋಣೆಯ ಕರೆಂಟನ್ನೇ ಕಡಿಯುವ ಎಂಸಿಬಿ ಇಳಿಸಿದ್ದು. ಬಕೆಟ್ ಇಟ್ಟದ್ದು ಆಮೇಲೆ. ಫ್ಯಾನ್ ಪಾಯಿಂಟಿನಿಂದ ನೀರು ಬಂದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಕರೆಂಟೇ ತೆಗೀಬೇಕು.

ಹಿಂದಿನ ಮೂರು ವರ್ಷ ನಾನು ಮಾಡಿದ ದಡ್ಡತನವನ್ನೂ ಹೇಳಿಬಿಡುತ್ತೇನೆ. ಪ್ರತಿ ದಸರಾಕ್ಕೆ ಕೆಳಗಿನಿಂದ ಪುಟ್ಟಿ ಮೆತ್ತಿ ಸುಣ್ಣ ಹೊಡೆಸುತ್ತಿದ್ದೆ. ಒಂದು ವರ್ಷ ಗುತ್ತಿಗೆದಾರರೊಬ್ಬರು ಮಾಳಿಗೆ ಮೇಲೆ ಸರಿಯಾಗಿ ಫ್ಯಾನಿನ ನೆತ್ತಿಗೆ ಒಂದು ಚಾಪೆಯಗಲ ಸಿಮೆಂಟ್ ಬಳಿದು ದುಡ್ಡು ತೆಗೆದುಕೊಂಡು ಹೋದರು. ಮುಂದಿನ ಮಳೆಗೆ ಮತ್ತೆ ಅದೇ ಕಥೆ.

ಈ ಸಲ ಪಕ್ಕದ ಓಣಿಯ ಹಿರಿಯ ಗೌಂಡಿಯನ್ನು ಕರೆದೆ. ಅವರು ಮೇಲೆ ಹತ್ತಲೇ ಇಲ್ಲ. ಕೂತಲ್ಲೇ ಕೇಳಿದರು: "ಮಳಿ ನಿಂತ ಮ್ಯಾಲೂ ಸೋರತೈತೇನ್ರೀ?"

"ಹೌದು ಯಜಮಾನ್ರೇ, ಮಾರನೇ ದಿನ ಸಂಜೆ ತನಕ ಹನಿ ಬೀಳ್ತಾನೇ ಇರುತ್ತೆ."

"ಹಂಗಾರ ನೀರು ಒಳಗ ಎಲ್ಲೋ ಕುಂತೈತಿ. ಅದು ಹೊಕ್ಕಿದ್ದು ಎಲ್ಲಿ ಅಂತ ಹುಡುಕ್ರಿ, ಆಮ್ಯಾಲ ನನ್ನ ಕರೀರಿ."

ಹುಡುಕಿದ್ದು ಹೀಗೆ. ಬೇಸಿಗೆಯಲ್ಲಿ ಒಂದು ಹನಿಯೂ ಬೀಳುವುದಿಲ್ಲ, ಆದ್ದರಿಂದ ಟ್ಯಾಂಕಿನ ಪೈಪು ಕಾರಣವಲ್ಲ. ಮಳೆ ಬಿಟ್ಟ ಮೇಲೆ ಮಾಳಿಗೆಯನ್ನು ನಾಲ್ಕು ಭಾಗ ಮಾಡಿ, ಮಡಿಗೆ ಬದು ಕಟ್ಟಿದ ಹಾಗೆ ಮಣ್ಣಿನ ಬದು ಕಟ್ಟಿದೆ. ಒಂದೊಂದು ಭಾಗಕ್ಕೆ ಎರಡು ಇಂಚು ನೀರು ನಿಲ್ಲಿಸಿ ಒಂದು ಪೂರ್ತಿ ದಿನ ಕಾಯುವುದು. ಹತ್ತಡಿ ಉದ್ದ, ಹತ್ತಡಿ ಅಗಲದ ಜಾಗಕ್ಕೆ ಎರಡು ಇಂಚು ಅಂದರೆ ಸುಮಾರು 470 ಲೀಟರ್, ಅಷ್ಟೇ ಕಿಲೋ ಭಾರ. ಸ್ಲಾಬಿನಲ್ಲಿ ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟ್ ಉದುರುತ್ತಿದ್ದರೆ ಈ ಸಾಹಸ ಬೇಡ. ನಾನು ಮೊದಲೇ ಕೋಲಿನಿಂದ ಸೀಲಿಂಗ್ ತಟ್ಟಿ ನೋಡಿದ್ದೆ, ಎಲ್ಲೂ ಟೊಳ್ಳು ಸದ್ದು ಬರಲಿಲ್ಲ. ನಲ್ಲಿ ನೀರು ದಿನಾ ಬರದ ಊರಲ್ಲಿ ಮಾಳಿಗೆಗೆ ನೀರು ಕಟ್ಟಿದ್ದನ್ನು ನೋಡಿ ಎದುರುಮನೆ ಅಕ್ಕ, "ತಲಿ ಕೆಟ್ಟೈತೇನು ನಿನಗ" ಅಂದರು. ಬೋರಿನ ನೀರು ಅಂತ ಸಮಾಧಾನ ಮಾಡಿದೆ.

ಮೊದಲ ಎರಡು ಭಾಗ ಏನೂ ಹೇಳಲಿಲ್ಲ. ಮೂರನೆಯದಕ್ಕೆ ಬಟ್ಟೆಗೆ ಹಾಕುವ ನೀಲಿ ಕಲಸಿದೆ. ಹನಿ ಬಿದ್ದರೆ ಅದು ಹಳೇ ನೀರೋ ಇವತ್ತಿನದೋ ಗೊತ್ತಾಗಲಿ ಅಂತ. ಎರಡೇ ಗಂಟೆಯಲ್ಲಿ ಫ್ಯಾನಿನ ಬುಡದಿಂದ ನೀಲಿ ಹನಿ! ಆ ಭಾಗ ಫ್ಯಾನಿನಿಂದ ಎಂಟು ಅಡಿ ಆಚೆ ಇತ್ತು. ಅಲ್ಲಿ ನಾಲ್ಕು ವರ್ಷದ ಹಿಂದೆ ಡಿಶ್ ಆಂಟೆನಾ ಕೂರಿಸಲು ಹೊಡೆದ ಬೋಲ್ಟುಗಳಿದ್ದವು. ಒಂದು ಬೋಲ್ಟು ಸ್ಲಾಬಿನೊಳಗಿನ ವೈರಿಂಗ್ ಪೈಪನ್ನೇ ತೂತು ಮಾಡಿತ್ತು. ನೀರು ಆ ಪೈಪಿನಲ್ಲಿ ಹರಿದು ಫ್ಯಾನಿನ ಡಬ್ಬಿಗೆ ಬರುತ್ತಿತ್ತು. ಮಳೆ ನಿಂತರೂ ಪೈಪಲ್ಲಿ ಉಳಿದದ್ದು ನಿಧಾನಕ್ಕೆ ಇಳಿಯುತ್ತಿತ್ತು. ವೈರಿಗೆ ಏನೂ ಆಗದಿದ್ದದ್ದು ನಮ್ಮ ಪುಣ್ಯ.

ರಿಪೇರಿ ಮಾಡಿದ್ದು ದೀಪಾವಳಿ ಕಳೆದ ಮೇಲೆ. ಅಲ್ಲಿಯವರೆಗೆ ಆ ಜಾಗಕ್ಕೆ ತಾಡಪಾಲು. ಎಲೆಕ್ಟ್ರಿಷಿಯನ್ ಹಳೇ ವೈರ್ ಎಳೆದು ತೆಗೆದರು. ಗೌಂಡಿ ಬೋಲ್ಟು ಕಿತ್ತು, ತೂತನ್ನು ಉಳಿಯಿಂದ ಅಗಲ ಮಾಡಿ, ದೂಳು ತೊಳೆದು, ಲೇಟೆಕ್ಸ್ ಸೇರಿಸಿದ ಸಿಮೆಂಟ್ ಗಾರೆ ತುಂಬಿದರು. ಬಿರುಕಿನ ಮೇಲೆ ಸುಮ್ನೆ ಬಳಿದರೆ ನಿಲ್ಲುವುದಿಲ್ಲ. ಕೆತ್ತಿ ಅಗಲ ಮಾಡಿದರೇನೇ ಗಾರೆ ಹಿಡಿಯುವುದು. ಪ್ಯಾರಪೆಟ್ ಗೋಡೆ ಸ್ಲಾಬಿಗೆ ಕೂಡುವ ಕಡೆ ಕೂದಲೆಳೆ ಬಿರುಕುಗಳಿದ್ದವು. ಹಗಲಿನ ಬಿಸಿಲಿಗೆ ಸ್ಲಾಬ್ ಹಿಗ್ಗಿ ರಾತ್ರಿ ಕುಗ್ಗುತ್ತದೆ, ನಮ್ಮೂರಲ್ಲಿ ಆ ಮೂಲೆ ಬಿಡುವುದು ಸಹಜ. ಅಲ್ಲಿ ಗೋಲಾ ಹೊಡೆದರು, ಅಂದರೆ ಮೂಲೆಗೆ ಗಾರೆ ತುಂಬಿ ದುಂಡಗೆ ಮಾಡಿದರು. ನೀರು ನಿಲ್ಲುತ್ತಿದ್ದ ಒಂದು ತಗ್ಗಿಗೆ ನೀರು ಹರಿದುಹೋಗುವಂತೆ ವಾಟ (ಇಳಿಜಾರು) ಕೊಟ್ಟರು. ಹೊಸ ಗಾರೆ ಬೇಗ ಒಣಗದಿರಲಿ ಅಂತ ಒಂದು ವಾರ ಒದ್ದೆ ಗೋಣಿಚೀಲ ಹಾಸಿದ್ದು ನನ್ನ ಪಾಲು.

ಮೇಲಿನ ಬಣ್ಣ ನಾನೇ ಹೊಡೆದೆ. ಹಿಂದಿನ ರಾತ್ರಿ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಅಂಟಿಸಿದ್ದೆ. ಬೆಳಗ್ಗೆ ಅದರ ಅಡಿ ಬೆವರಿರಲಿಲ್ಲ. ಅಂದರೆ ಸ್ಲಾಬ್ ಒಣಗಿದೆ. ಅಕ್ರಿಲಿಕ್ ವಾಟರ್‌ಪ್ರೂಫ್ ಕೋಟ್ ಎರಡು ಸಲ, ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ಗೋಲಾ ಹೊಡೆದ ಕಡೆ ನಡುವೆ ಫೈಬರ್ ಜಾಳಿಗೆ. ಎರಡೂ ಬೆಳಗಿನ ಹೊತ್ತಿನಲ್ಲೇ. ನಮ್ಮ ಬಂಧುವೊಬ್ಬರು ಏಪ್ರಿಲ್ ಮಧ್ಯಾಹ್ನ ಹೊಡೆಸಿದ್ದರು, ಅದು ಹಪ್ಪಳದ ಹಾಗೆ ಉಬ್ಬಿ ಎದ್ದಿತು. ಕೂಲಿ, ಸಾಮಾನು ಎಲ್ಲ ಸೇರಿ ನನಗೆ 14 ಸಾವಿರ ಹಿಡಿಯಿತು.

ಇದನ್ನೆಲ್ಲ ನೋಡಿ ಅಪ್ಪ ನಕ್ಕರು. ಸಿರುಗುಪ್ಪ ಕಡೆ ನಮ್ಮ ಹಳೇ ಮನೆ ಮಣ್ಣಿನ ಮಾಳಿಗೆಯದು. ಮಳೆಗಾಲಕ್ಕೆ ಮುಂಚೆ ಗಾಡಿಯಲ್ಲಿ ಚೌಳು ಮಣ್ಣು ತಂದು ಮೇಲೆ ಹರಡುತ್ತಿದ್ದರು. ಚೌಳಿನಲ್ಲಿ ಸೋಡಿಯಂ ಜಾಸ್ತಿ. ನೀರು ಬಿದ್ದರೆ ಅದರ ಜೇಡಿಯ ಕಣ ಬಿಡಿಬಿಡಿಯಾಗಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ, ಕೆಳಗೆ ನೀರು ಇಳಿಯುವುದಿಲ್ಲ. ಹೊಲದಲ್ಲಿ ಅದೇ ಮಣ್ಣಿಗೆ ರೈತ ಶಾಪ ಹಾಕುತ್ತಾನೆ, ಕಾರಣವೂ ಅದೇ. "ವರ್ಷಾ ಒಂದು ಗಾಡಿ ಚೌಳು, ಖರ್ಚು ಅಷ್ಟ" ಅಂದರು ಅಪ್ಪ. ಆ ಮಾಳಿಗೆಗೆ ಯಾರೂ ಬೋಲ್ಟು ಹೊಡೆದಿರಲಿಲ್ಲ, ಅಲ್ವಾ?

ಒಳಗಿನ ಸೀಲಿಂಗಿಗೆ ಮಾರ್ಚ್ ತನಕ ಬಣ್ಣ ಮುಟ್ಟಿಸಲಿಲ್ಲ. ಬಿಳಿ ಉಪ್ಪಿನ ಪುಡಿ ಬರುತ್ತಲೇ ಇತ್ತು, ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯುತ್ತಿದ್ದೆ. ಅದು ನಿಂತ ಮೇಲೆ ಪ್ರೈಮರ್, ಬಣ್ಣ.

ಈ ವರ್ಷ ಹುಬ್ಬೆ, ಉತ್ತರೆ ಎರಡೂ ಹೋದವು. ಫ್ಯಾನಿನ ಬುಡ ಒಣಗಿದೆ. ಅಡುಗೆಮನೆಯ ಮೂಲೆಯಲ್ಲಿ ಮಾತ್ರ ಅಂಗೈಯಗಲ ಒದ್ದೆ ಕಾಣಿಸಿದೆ. ಸುತ್ತ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿಟ್ಟಿದ್ದೇನೆ. ಹಸ್ತ ಮಳೆಗೆ ಗೆರೆ ದಾಟುತ್ತಾ ನೋಡಬೇಕು.