ಮನೆಯಲ್ಲಿ ಇಎಂಎಸ್ ಸಾಧನ: ಸ್ನಾಯು ಬಿಗಿಗೊಳಿಸಲು ಅದನ್ನು ಬಳಸುವ ಕ್ರಮ

ತೊಡೆಯ ಮೇಲೆ ಎರಡು ಅಂಟು ಪ್ಯಾಡ್‌ಗಳನ್ನು ಹಚ್ಚಿ, ಅಂಗೈಯಗಲದ ಸಾಧನವೊಂದರ ಗುಂಡಿ ಒತ್ತಿದರೆ, ಕುರ್ಚಿಯಲ್ಲಿ ಸುಮ್ಮನೆ ಕುಳಿತವರ ಸ್ನಾಯುವೂ ತಾನಾಗಿ ಸೆಟೆದು ಕೆಲವು ಸೆಕೆಂಡುಗಳ ನಂತರ ಸಡಿಲಗೊಳ್ಳುತ್ತದೆ. ವಿದ್ಯುತ್ತಿನಿಂದ ಸ್ನಾಯುವನ್ನು ಉದ್ದೀಪಿಸುವ ಈ ವಿಧಾನವನ್ನು ಇಎಂಎಸ್ ಎನ್ನುತ್ತಾರೆ. ಸ್ನಾಯು ಕುಗ್ಗುವುದು ನಿಜ. ಅದರಲ್ಲಿ ಮೋಡಿಯೇನೂ ಇಲ್ಲ. ವಿದ್ಯುತ್ ತಾಗಿದಾಗ ಸತ್ತ ಕಪ್ಪೆಯ ಕಾಲು ಅದುರುವುದನ್ನು ಕುರಿತು ಇಟಲಿಯ ಲೂಯಿಜಿ ಗಾಲ್ವಾನಿ 1791ರಲ್ಲೇ ಬರೆದು ಪ್ರಕಟಿಸಿದ್ದರು. ಶಸ್ತ್ರಚಿಕಿತ್ಸೆಯ ನಂತರ ಸೊರಗಿದ ತೊಡೆಗೆ ಮತ್ತೆ ಬಲ ತರಲು ಫಿಸಿಯೋಥೆರಪಿಯಲ್ಲಿ ಇದೇ ವಿಧಾನ ಬಹುಕಾಲದಿಂದ ಬಳಕೆಯಲ್ಲಿದೆ.

ಗೊಂದಲ ಹುಟ್ಟುವುದು ‘ಟೋನಿಂಗ್’ ಎಂಬ ಪದದಿಂದ. ಮಾರುವವರು ಆ ಒಂದೇ ಪದದೊಳಗೆ ಎರಡು ಬೇರೆ ಸಂಗತಿಗಳನ್ನು ತುಂಬಿಬಿಡುತ್ತಾರೆ: ಸ್ನಾಯು ಗಟ್ಟಿಯಾಗುವುದು ಒಂದು, ಅದರ ಮೇಲಿರುವ ಕೊಬ್ಬಿನ ಪದರ ತೆಳ್ಳಗಾಗುವುದು ಇನ್ನೊಂದು. ಮೊದಲನೆಯದಕ್ಕೆ ಈ ಸಾಧನ ತಕ್ಕಮಟ್ಟಿಗೆ ನೆರವಾಗುತ್ತದೆ; ಎರಡನೆಯದರಲ್ಲಿ ಅದರ ಪಾತ್ರ ನಗಣ್ಯ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯಾದ ಎಫ್‌ಡಿಎ ಹೇಳುವುದೂ ಇದನ್ನೇ: ಇಂಥ ಸಾಧನ ಸ್ನಾಯುವನ್ನು ತಾತ್ಕಾಲಿಕವಾಗಿ ಬಲಗೊಳಿಸಬಹುದು, ಬಿಗಿಗೊಳಿಸಬಹುದು, ಆದರೆ ತೂಕ ಇಳಿಸಲು ಅಥವಾ ಸುತ್ತಳತೆ ಕುಗ್ಗಿಸಲು ಅದಕ್ಕೆ ಅನುಮತಿ ಕೊಟ್ಟಿಲ್ಲ. ವ್ಯಾಯಾಮವಿಲ್ಲದೆಯೇ ಹೊಟ್ಟೆ ಕರಗುತ್ತದೆಂದು ಜಾಹೀರಾತು ಕೊಟ್ಟಿದ್ದ ಇಎಂಎಸ್ ಹೊಟ್ಟೆಪಟ್ಟಿಗಳ ಮಾರಾಟಗಾರರ ಮೇಲೆ ಅದೇ ದೇಶದ ಗ್ರಾಹಕ ರಕ್ಷಣಾ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2002ರಲ್ಲಿ ಮೊಕದ್ದಮೆ ಹೂಡಿತ್ತು.

2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ವ್ಯತ್ಯಾಸವನ್ನು ಚೆನ್ನಾಗಿ ತೋರಿಸುತ್ತದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಲಾ ಕ್ರಾಸ್ ಕೇಂದ್ರದ ಸಂಶೋಧಕರು ಹೊಟ್ಟೆಯ ಸ್ನಾಯುಗಳಿಗೆ ವಾರಕ್ಕೆ 5 ದಿನದಂತೆ 8 ವಾರ ಉದ್ದೀಪನ ಕೊಡಿಸಿದಾಗ, ಬಲ ಸರಾಸರಿ ಶೇ 58ರಷ್ಟು ಹೆಚ್ಚಿತು, ಸೊಂಟದ ಸುತ್ತಳತೆ ಸುಮಾರು 3.5 ಸೆಂಟಿಮೀಟರ್ ತಗ್ಗಿತು. ಆದರೆ ದೇಹದ ತೂಕವಾಗಲಿ ಚರ್ಮದಡಿಯ ಕೊಬ್ಬಾಗಲಿ ಬದಲಾಗಲಿಲ್ಲ. ಗಟ್ಟಿಯಾದ ಸ್ನಾಯು ಹೊಟ್ಟೆಯನ್ನು ಒಳಗೆ ಎಳೆದು ಹಿಡಿದಿರಬೇಕು ಎಂದು ಇದನ್ನು ಅರ್ಥ ಮಾಡಿಕೊಳ್ಳಬಹುದು. ವಾರಕ್ಕೆ 5 ದಿನ ಎಂಬುದನ್ನೂ ಗಮನಿಸಬೇಕು. ಆಗೊಮ್ಮೆ ಈಗೊಮ್ಮೆ ಪಟ್ಟಿ ಕಟ್ಟಿಕೊಂಡು ಟಿವಿ ನೋಡಿದವರಿಗೆ ಬಂದ ಫಲವಲ್ಲ ಅದು.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ನನಗೆ ಇದು ಸಲ್ಲುತ್ತದೆಯೇ?

ಪೇಸ್‌ಮೇಕರ್ ಅಥವಾ ಹೃದಯದ ಡಿಫಿಬ್ರಿಲೇಟರ್ ಅಳವಡಿಸಿಕೊಂಡವರು ಇದನ್ನು ಮುಟ್ಟಲೇಬಾರದು, ಏಕೆಂದರೆ ಹೊರಗಿನ ವಿದ್ಯುತ್ ಸಂಕೇತ ಆ ಉಪಕರಣಗಳ ಕೆಲಸವನ್ನು ಕೆಡಿಸಬಲ್ಲದು. ಗರ್ಭಿಣಿಯರು, ಅಪಸ್ಮಾರ ಇರುವವರು, ಕಾಲಿನ ಒಳರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರು, ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವವರು, ಹರ್ನಿಯಾ ಇರುವವರು ಮತ್ತು ಇತ್ತೀಚೆಗೆ ಶಸ್ತ್ರಚಿಕಿತ್ಸೆಗೆ ಒಳಗಾದವರು ವೈದ್ಯರು ಸ್ಪಷ್ಟವಾಗಿ ಒಪ್ಪಿದ ಹೊರತು ದೂರವಿರಬೇಕು. ಮಧುಮೇಹದಿಂದ ಪಾದ ಅಥವಾ ಕಾಲು ಜೋಮು ಹಿಡಿದಂತಿರುವವರು ವಿಶೇಷವಾಗಿ ಎಚ್ಚರ ವಹಿಸಬೇಕು: ಪ್ಯಾಡ್‌ನ ಅಡಿಯಲ್ಲಿ ಚರ್ಮ ಸುಡುತ್ತಿದ್ದರೂ ಅವರಿಗೆ ತಿಳಿಯದೆ ಹೋಗಬಹುದು.

ದೇಹದ ಕೆಲವು ಭಾಗಗಳಿಗಂತೂ ಯಾರೂ ಪ್ಯಾಡ್ ಹಚ್ಚುವಂತಿಲ್ಲ. ಕುತ್ತಿಗೆಯ ಮುಂಭಾಗ ಮತ್ತು ಪಕ್ಕಗಳು, ತಲೆ, ಕಣ್ಣಿನ ಸುತ್ತ, ಎದೆಯ ಅಡ್ಡಕ್ಕೆ, ಗಾಯ ಅಥವಾ ಊತವಿರುವ ಚರ್ಮ ಇವೆಲ್ಲ ನಿಷಿದ್ಧ. ಕುತ್ತಿಗೆಯ ಪಕ್ಕದಲ್ಲಿ ರಕ್ತದೊತ್ತಡವನ್ನು ಗ್ರಹಿಸುವ ನರತುದಿಗಳಿರುವುದರಿಂದ ಅಲ್ಲಿ ಉದ್ದೀಪನ ಕೊಟ್ಟರೆ ರಕ್ತದೊತ್ತಡ ದಿಢೀರನೆ ಕುಸಿಯಬಹುದು. ಒಂದು ಪ್ಯಾಡ್ ಎಡಗೈಗೆ, ಇನ್ನೊಂದು ಬಲಗೈಗೆ ಎಂದು ಹಚ್ಚುವುದೂ ತಪ್ಪು. ಆಗ ವಿದ್ಯುತ್ತಿನ ದಾರಿ ಎದೆಯ ಮೂಲಕ ಹಾದುಹೋಗುತ್ತದೆ. ಸ್ನಾನದ ವೇಳೆ, ನಿದ್ರಿಸುವಾಗ, ವಾಹನ ನಡೆಸುವಾಗ ಬಳಸಬಾರದೆಂಬುದು ಹೇಳದೆಯೂ ತಿಳಿಯಬೇಕಾದ ಮಾತು.

ಸಾಧನದ ಆಯ್ಕೆ

ನೋಡಲು ಒಂದೇ ಬಗೆಯಾಗಿರುವ ಟೆನ್ಸ್ ಸಾಧನವನ್ನು ಇಎಂಎಸ್ ಎಂದುಕೊಂಡು ಕೊಳ್ಳುವವರು ಬಹಳ ಜನ. ಟೆನ್ಸ್ ನೋವು ತಗ್ಗಿಸಲೆಂದು ಸಂವೇದನೆಯ ನರಗಳನ್ನು ಗುರಿಯಾಗಿಸಿಕೊಂಡದ್ದು. ಸ್ನಾಯುವನ್ನು ದುಡಿಸುವುದು ಅದರ ಉದ್ದೇಶವಲ್ಲ. ಎರಡೂ ಇರುವ ಸಾಧನವಾದರೆ ಇಎಂಎಸ್ ಕಾರ್ಯಕ್ರಮವನ್ನೇ ಆರಿಸಬೇಕು. ಕೈಪಿಡಿಯಲ್ಲಿ ಮೂರು ಅಂಕಿಗಳನ್ನು ಹುಡುಕಿ. ಮೊದಲನೆಯದು ಆವೃತ್ತಿ, ಅಂದರೆ ಸೆಕೆಂಡಿಗೆ ಎಷ್ಟು ವಿದ್ಯುತ್ ಮಿಡಿತಗಳು ಎಂಬ ಹರ್ಟ್ಜ್ ಲೆಕ್ಕ: 10 ಹರ್ಟ್ಜ್‌ಗಿಂತ ಕಡಿಮೆಯಾದರೆ ಸ್ನಾಯು ಬಿಡಿಬಿಡಿಯಾಗಿ ಅದುರುತ್ತದೆ ಅಷ್ಟೇ, ಗಟ್ಟಿಯಾಗಿ ಹಿಡಿದಂತೆ ಕುಗ್ಗಲು ಸಾಮಾನ್ಯವಾಗಿ 35ರಿಂದ 80 ಹರ್ಟ್ಜ್ ಬಳಸುತ್ತಾರೆ. ಎರಡನೆಯದು ಪ್ರತಿ ಮಿಡಿತದ ಅವಧಿ: ತೊಡೆಯಂಥ ದೊಡ್ಡ ಸ್ನಾಯುವಿಗೆ 200ರಿಂದ 400 ಮೈಕ್ರೋಸೆಕೆಂಡ್ ಇದ್ದರೆ ಒಳ್ಳೆಯದು. ಮೂರನೆಯದು ದುಡಿಮೆ ಮತ್ತು ವಿಶ್ರಾಂತಿಯ ಅನುಪಾತ. ವಿದ್ಯುತ್ತಿನಿಂದ ಕುಗ್ಗುವಾಗ ಅವೇ ಸ್ನಾಯುತಂತುಗಳು ಸರದಿ ಬಿಡದೆ ಮತ್ತೆ ಮತ್ತೆ ದುಡಿಯುವುದರಿಂದ ಸ್ನಾಯು ಬೇಗ ದಣಿಯುತ್ತದೆ. ಆದ್ದರಿಂದ 10 ಸೆಕೆಂಡ್ ಬಿಗಿತಕ್ಕೆ 30ರಿಂದ 50 ಸೆಕೆಂಡ್ ಬಿಡುವು ಬೇಕು. 1970ರ ದಶಕದಲ್ಲಿ ಸೋವಿಯತ್ ಕ್ರೀಡಾಪಟುಗಳ ಮೇಲೆ ಪ್ರಯೋಗ ನಡೆಸಿದ ಯಾಕೋವ್ ಕೋಟ್ಸ್ ಕೂಡ 10 ಸೆಕೆಂಡ್ ಉದ್ದೀಪನ, 50 ಸೆಕೆಂಡ್ ವಿಶ್ರಾಂತಿ ಎಂಬ ಕ್ರಮವನ್ನೇ ಅನುಸರಿಸಿದ್ದರು.

ಬಿಡಿ ಪ್ಯಾಡ್‌ಗಳ ಸಾಧನಕ್ಕಿಂತ ಹೊಟ್ಟೆಪಟ್ಟಿ ಬಳಸಲು ಸುಲಭ. ಆದರೆ ಅದರ ಪ್ಯಾಡ್‌ಗಳ ಜಾಗ ಮೊದಲೇ ನಿಗದಿಯಾಗಿರುವುದರಿಂದ ಪ್ರತಿಯೊಬ್ಬರ ದೇಹಕ್ಕೂ ಅದು ಸರಿಹೊಂದುವುದಿಲ್ಲ. ನನ್ನ ಆಯ್ಕೆಯಂತೂ ಬಿಡಿ ಪ್ಯಾಡ್‌ಗಳೇ. ಇಡೀ ದೇಹಕ್ಕೆ ತೊಡುವ ಇಎಂಎಸ್ ಉಡುಪನ್ನು ತರಬೇತಿ ಪಡೆದವರ ಮೇಲ್ವಿಚಾರಣೆಯಿಲ್ಲದೆ ಮನೆಯಲ್ಲಿ ಪ್ರಯೋಗಿಸಲೇಬಾರದು. ಅದೇಕೆಂದು ಮುಂದೆ ಹೇಳಿದ್ದೇನೆ.

ಮೊದಲ ದಿನ

ಹೊಟ್ಟೆಯಿಂದ ಶುರುಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಆದರೂ ತೊಡೆಯ ಮುಂಭಾಗದಿಂದ ಆರಂಭಿಸುವುದೇ ಸರಿ, ಏಕೆಂದರೆ ಅಲ್ಲಿ ಸ್ನಾಯು ದೊಡ್ಡದು, ಅದು ಕುಗ್ಗುವುದು ಕಣ್ಣಿಗೆ ಕಾಣುತ್ತದೆ, ತಪ್ಪಾದರೆ ಕೂಡಲೇ ತಿಳಿಯುತ್ತದೆ. ಚರ್ಮವನ್ನು ಸೋಪು ನೀರಿನಿಂದ ತೊಳೆದು ಪೂರ್ತಿ ಒರೆಸಿ. ಎಣ್ಣೆ ಅಥವಾ ಲೋಷನ್‌ನ ಅಂಶ ಉಳಿದಿರಬಾರದು. ಕೂದಲು ಹೆಚ್ಚಿದ್ದರೆ ಕತ್ತರಿಯಿಂದ ಕತ್ತರಿಸಿ, ಆದರೆ ಆಗತಾನೇ ಬ್ಲೇಡ್ ಆಡಿಸಿದ ಚರ್ಮಕ್ಕೆ ಪ್ಯಾಡ್ ಹಚ್ಚಬೇಡಿ, ಉರಿಯುತ್ತದೆ. ಒಂದು ಪ್ಯಾಡ್ ಅನ್ನು ತೊಡೆಯ ಮೇಲ್ಭಾಗದಲ್ಲಿ ತುಸು ಹೊರಬದಿಗೆ, ಇನ್ನೊಂದನ್ನು ಮಂಡಿಯ ಮೇಲೆ ಒಳಬದಿಯಲ್ಲಿ ಉಬ್ಬಿರುವ ಮಾಂಸಲ ಭಾಗಕ್ಕೆ ಹಚ್ಚಿ. ದೊಡ್ಡ ಸ್ನಾಯುವಿಗೆ ದೊಡ್ಡ ಪ್ಯಾಡ್ ಇರಬೇಕು: ಅಗಲ ಹೆಚ್ಚಿದಷ್ಟೂ ವಿದ್ಯುತ್ ಹರಡಿಕೊಂಡು ಚುಚ್ಚುವಿಕೆ ಕಡಿಮೆಯಾಗುತ್ತದೆ. ಕುರ್ಚಿಯಲ್ಲಿ ಕುಳಿತು ಮಂಡಿ ಮಡಚಿ, ಪಾದ ಅಲುಗದಂತೆ ಭಾರವಾದ ವಸ್ತುವಿಗೆ ಒತ್ತಿ ಹಿಡಿದುಕೊಳ್ಳಿ.

ಈಗ ಸಾಧನವನ್ನು ಶೂನ್ಯದಲ್ಲಿಟ್ಟು ಆನ್ ಮಾಡಿ, ಒಂದೊಂದೇ ಹಂತ ಏರಿಸಿ. ಮೊದಲು ಚರ್ಮ ಜುಮ್ಮೆನ್ನುತ್ತದೆ, ಬಳಿಕ ಒಳಗೆ ಅದುರುತ್ತದೆ, ನಂತರ ಸ್ನಾಯು ಕಣ್ಣಿಗೆ ಕಾಣುವಂತೆ ಬಿಗಿಯುತ್ತದೆ. ಮೊದಲ ದಿನಕ್ಕೆ ಅಲ್ಲಿಗೆ ನಿಲ್ಲಿಸಿ. ಹಂತ ಏರಿಸುವುದನ್ನು ಬಿಗಿತದ ಸೆಕೆಂಡುಗಳಲ್ಲೇ ಮಾಡಬೇಕು, ಬಿಡುವಿನ ಹೊತ್ತಿನಲ್ಲಿ ಬೇಡವೇ ಬೇಡ. ವಿದ್ಯುತ್ ಇಲ್ಲದ ಹೊತ್ತಿನಲ್ಲಿ ‘ಏನೂ ಅನಿಸುತ್ತಿಲ್ಲವಲ್ಲ’ ಎಂದು ನಾಲ್ಕೈದು ಸಲ ಗುಂಡಿ ಒತ್ತಿದರೆ, ಮುಂದಿನ ಬಿಗಿತ ಬಂದಾಗ ಕಾಲು ಒದ್ದಂತೆ ಎಗರುತ್ತದೆ. ಈ ತಪ್ಪನ್ನು ನಾನೂ ಮಾಡಿದ್ದೇನೆ; ಎರಡನೇ ಸಲ ಮಾಡಲಿಲ್ಲ.

ಸ್ನಾಯು ಕುಗ್ಗದೆ ಚರ್ಮ ಮಾತ್ರ ಚುರುಗುಟ್ಟಿದರೆ ಹಂತ ಏರಿಸಬೇಡಿ. ಸಾಧನ ಆಫ್ ಮಾಡಿ ಪ್ಯಾಡ್‌ನ ಜಾಗ ಬದಲಿಸಿ. ನರವು ಸ್ನಾಯುವನ್ನು ಸೇರುವ ಬಿಂದುವಿನ ಮೇಲೆ ಪ್ಯಾಡ್ ಕುಳಿತರೆ ಕಡಿಮೆ ವಿದ್ಯುತ್ತಿಗೇ ಗಟ್ಟಿಯಾದ ಬಿಗಿತ ಬರುತ್ತದೆ, ಮತ್ತು ಆ ಬಿಂದುವಿನಿಂದ ಒಂದೆರಡು ಸೆಂಟಿಮೀಟರ್ ಸರಿದರೂ ಅನುಭವ ಬದಲಾಗುತ್ತದೆ. ಸರಿಯಾದ ಜಾಗ ಸಿಕ್ಕ ಮೇಲೆ ಪ್ಯಾಡ್‌ನ ಅಂಚಿಗೆ ಪೆನ್ನಿನಿಂದ ಗುರುತು ಹಾಕಿಕೊಂಡರೆ ಮರುದಿನದ ಹುಡುಕಾಟ ತಪ್ಪುತ್ತದೆ. ಸಾಧನದ ಮೇಲಿನ 15 ಅಥವಾ 40 ಎಂಬ ಅಂಕಿಗೆ ಹೆಚ್ಚಿನ ಬೆಲೆ ಕೊಡಬೇಕಾಗಿಲ್ಲ: ಚರ್ಮದ ತೇವ, ಕೊಬ್ಬಿನ ದಪ್ಪ, ಪ್ಯಾಡ್‌ನ ವಯಸ್ಸು ಎಲ್ಲವೂ ಅದನ್ನು ದಿನಕ್ಕೊಂದು ಬಗೆಯಾಗಿಸುತ್ತವೆ.

ಮೊದಲ ದಿನ ಒಂದೇ ಸ್ನಾಯುಗುಂಪಿಗೆ 10 ನಿಮಿಷ ಸಾಕು. ಮುಗಿದ ಮೇಲೆ ಸಾಧನ ಆಫ್ ಆಗಿದೆಯೆಂದು ಖಚಿತಪಡಿಸಿಕೊಂಡೇ ಪ್ಯಾಡ್ ಕೀಳಬೇಕು.

ಹೊಟ್ಟೆಗಾದರೆ ಅಂಗಾತ ಮಲಗಿ, ಮಂಡಿ ಮಡಚಿ, ಹೊಕ್ಕುಳಿನ ಎರಡೂ ಪಕ್ಕದಲ್ಲಿ ಪ್ಯಾಡ್ ಹಚ್ಚಿ. ಊಟವಾದ ಕೂಡಲೇ ಬೇಡ. ಮೀನಖಂಡಕ್ಕೆ ಹಚ್ಚುವಾಗ ಪಾದವನ್ನು ನೆಲದ ಮೇಲೆ ಪೂರ್ತಿ ಊರಿರಬೇಕು. ಹೆಬ್ಬೆರಳು ಮುಂದಕ್ಕೆ ಚಾಚಿಕೊಂಡು ಸ್ನಾಯು ಗಿಡ್ಡವಾಗಿರುವಾಗ ವಿದ್ಯುತ್ ಕೊಟ್ಟರೆ ನರ ಹಿಡಿದುಕೊಂಡು ಪ್ರಾಣ ಹಿಂಡುತ್ತದೆ.

ಎಂಟು ವಾರಗಳ ಕ್ರಮ

ಮೊದಲ ಎರಡು ವಾರ ದಿನ ಬಿಟ್ಟು ದಿನ, ವಾರಕ್ಕೆ 3 ಬಾರಿ, ಪ್ರತಿ ಬಾರಿ 10ರಿಂದ 15 ನಿಮಿಷ. ಮೂರನೇ ವಾರದಿಂದ 20 ನಿಮಿಷಕ್ಕೆ ಏರಿಸಿ, ದೇಹ ಒಗ್ಗಿದರೆ ಐದನೇ ವಾರದಿಂದ ವಾರಕ್ಕೆ 4 ಅಥವಾ 5 ಬಾರಿ ಮಾಡಬಹುದು. ಕೆಲವು ನಿಮಿಷಗಳಲ್ಲೇ ಚರ್ಮಕ್ಕೆ ಅಭ್ಯಾಸವಾಗಿ ಬಿಗಿತ ಸಡಿಲವೆನಿಸುವುದು ಸಹಜ. ಆಗ ಒಂದು ಹಂತ ಏರಿಸಿ. ಬಿಗಿತ ಗಟ್ಟಿಯಾಗಿರಬೇಕು, ಆದರೆ ಹಲ್ಲು ಕಚ್ಚಿ ಸಹಿಸುವಷ್ಟು ಬೇಡ.

ಫಲಕ್ಕೆ ನೆರವಾಗುವ ಇನ್ನೊಂದು ಅಭ್ಯಾಸವಿದೆ. ವಿದ್ಯುತ್ ಬಂದ ಕ್ಷಣವೇ ನೀವೂ ಆ ಸ್ನಾಯುವನ್ನು ಬೇಕೆಂದು ಬಿಗಿಹಿಡಿಯಿರಿ: ತೊಡೆಯಾದರೆ ಪಾದವನ್ನು ಮುಂದಕ್ಕೆ ಒತ್ತಿ, ಹೊಟ್ಟೆಯಾದರೆ ಭುಜವನ್ನು ನೆಲದಿಂದ ಸ್ವಲ್ಪ ಎತ್ತಿ. ಸುಮ್ಮನೆ ಮಲಗಿರುವ ದೇಹಕ್ಕೆ ಸಾಧನ ಕೊಡುವ ದುಡಿಮೆ ಅಲ್ಪ. ಆರೋಗ್ಯವಂತರಿಗೆ ಕುಳಿತೇಳುವ ಬೈಠಕ್, ಮೊಣಕೈ ಊರಿ ದೇಹವನ್ನು ಹಲಗೆಯಂತೆ ನೇರ ಹಿಡಿಯುವ ಪ್ಲ್ಯಾಂಕ್, ಮೆಟ್ಟಿಲು ಹತ್ತುವಿಕೆ ಇವುಗಳ ಬದಲಿಗೆ ಇಎಂಎಸ್ ನಿಲ್ಲಲಾರದು. ಅವುಗಳ ಜೊತೆಗೆ ಸೇರಿದರೆ ಉಪಯೋಗಕ್ಕೆ ಬರುತ್ತದೆ. ಕೊಬ್ಬಿನ ಲೆಕ್ಕವನ್ನೂ ಒಮ್ಮೆ ನೋಡಿ: ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲರಿ ಶಕ್ತಿ ಅಡಗಿರುತ್ತದೆ. 20 ನಿಮಿಷ ಒಂದು ತೊಡೆ ಬಿಟ್ಟು ಬಿಟ್ಟು ಬಿಗಿದರೆ ಅದರಲ್ಲಿ ಎಷ್ಟು ಕರಗೀತು? ಅದಕ್ಕೆ ಊಟದ ಹಿಡಿತ ಮತ್ತು ನಡಿಗೆಯೇ ಬೇಕು.

ಕನ್ನಡಿಯನ್ನು ನಂಬಿ ಫಲ ಅಳೆಯಬೇಡಿ. ಉದ್ದೀಪನ ಮುಗಿದ ತಕ್ಷಣ ಸ್ನಾಯುವಿನಲ್ಲಿ ರಕ್ತ ತುಂಬಿ ಅದು ಉಬ್ಬಿದಂತೆ ಕಾಣುತ್ತದೆ, ಸ್ವಲ್ಪ ಹೊತ್ತಿನಲ್ಲೇ ಇಳಿಯುತ್ತದೆ. ಆರಂಭದ ದಿನವೇ 30 ಸೆಕೆಂಡಿನಲ್ಲಿ ಕೈ ಊರದೆ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರಬಲ್ಲಿರಿ, ಪ್ಲ್ಯಾಂಕ್‌ನಲ್ಲಿ ಎಷ್ಟು ಸೆಕೆಂಡ್ ನಿಲ್ಲಬಲ್ಲಿರಿ, ಬೆಳಿಗ್ಗೆ ಉಸಿರು ಬಿಟ್ಟಾಗ ಸೊಂಟದ ಅಳತೆ ಎಷ್ಟು ಎಂದು ಬರೆದಿಟ್ಟು, 4 ಮತ್ತು 8ನೇ ವಾರದಲ್ಲಿ ಮತ್ತೆ ಅಳೆಯಿರಿ.

ಯಾವಾಗ ನಿಲ್ಲಿಸಬೇಕು

ಪ್ಯಾಡ್ ತೆಗೆದಾಗ ಚರ್ಮ ತಿಳಿಗೆಂಪಾಗಿರುವುದು ಸಾಮಾನ್ಯ. ಕೆಂಪು ಮರುದಿನವೂ ಉಳಿದರೆ, ಗುಳ್ಳೆ ಎದ್ದರೆ, ಪ್ಯಾಡ್‌ನ ಒಂದೇ ಮೂಲೆ ಸುಟ್ಟಂತೆ ಕಂಡರೆ ನಿಲ್ಲಿಸಿ. ಎರಡು ದಿನದ ಮೈಕೈ ನೋವು ಚಿಂತೆಯ ವಿಷಯವಲ್ಲ. ಆದರೆ ನೋವು ವಿಪರೀತವಾಗಿ, ಸ್ನಾಯು ಊದಿ, ಬಲ ಕುಂದಿ, ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅತಿಯಾಗಿ ದುಡಿದ ಸ್ನಾಯುತಂತುಗಳು ಒಡೆದು ಅವುಗಳೊಳಗಿನ ವಸ್ತು ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಹಾಳುಗೆಡಹುವ ರಾಬ್ಡೋಮಯೋಲಿಸಿಸ್ ಎಂಬ ಸ್ಥಿತಿಯ ಲಕ್ಷಣ ಅದು. ಇಡೀ ದೇಹದ ಉಡುಪನ್ನು ಮೊದಲ ದಿನವೇ ಜೋರಾಗಿ ಬಳಸಿದವರಲ್ಲಿ ಇಂಥ ಪ್ರಕರಣಗಳು ವೈದ್ಯಕೀಯ ನಿಯತಕಾಲಿಕಗಳಲ್ಲಿ ವರದಿಯಾಗಿವೆ. ದೊಡ್ಡ ಸ್ನಾಯುಗಳೆಲ್ಲ ಒಮ್ಮೆಗೇ ಬಿಗಿದರೆ ಅಪಾಯವೂ ಅಷ್ಟೇ ದೊಡ್ಡದು, ಮತ್ತು ಅಂದು ಸಹನೀಯವೆನಿಸಿದ್ದರ ಪರಿಣಾಮ ಎರಡು ಮೂರು ದಿನಗಳ ಮೇಲೆ ಕಾಣಿಸಿಕೊಳ್ಳುತ್ತದೆ.

ಸುಟ್ಟ ಗಾಯಗಳಲ್ಲಿ ಹಲವಕ್ಕೆ ಹಳೆಯ ಪ್ಯಾಡ್ ಕಾರಣ. ಒಣಗಿದ ಅಥವಾ ಅಂಚು ಎದ್ದ ಪ್ಯಾಡ್‌ನಲ್ಲಿ ಚರ್ಮಕ್ಕೆ ತಾಗುವ ಜಾಗ ಕಿರಿದಾಗಿ, ಅಷ್ಟೂ ವಿದ್ಯುತ್ ಅಲ್ಲೇ ಒತ್ತರಿಸಿಕೊಂಡು ಹರಿಯುತ್ತದೆ. ಬಳಸಿದ ಮೇಲೆ ಅವುಗಳ ಪ್ಲಾಸ್ಟಿಕ್ ಹಾಳೆಗೆ ಮರಳಿ ಅಂಟಿಸಿ, ಬಾಯಿ ಮುಚ್ಚಿದ ಚೀಲದಲ್ಲಿಡಿ. ಅಂಟು ಕಡಿಮೆಯಾದಾಗ ಒಂದೆರಡು ಹನಿ ನೀರು ಸವರಿದರೆ ಇನ್ನೂ ಕೆಲವು ದಿನ ಬರುತ್ತದೆ. ತಂತಿಯನ್ನು ಹಿಡಿದೆಳೆಯದೆ ಅಂಚಿನಿಂದ ಬಿಡಿಸಿ. ಒಬ್ಬರ ಪ್ಯಾಡ್ ಇನ್ನೊಬ್ಬರಿಗೆ ಬೇಡ. ಸಾಮಾನ್ಯವಾಗಿ 20ರಿಂದ 30 ಬಳಕೆಗಳಲ್ಲಿ ಅಂಟು ಸೋಲುತ್ತದೆ. ನೀರು ಸವರಿದರೂ ಅಂಚು ಕೂರದಿದ್ದರೆ ಆ ಜೋಡಿಯನ್ನು ಎಸೆದು ಹೊಸದನ್ನು ತೆಗೆಯಿರಿ, ಹೊಸ ಪ್ಯಾಡ್ ಹಚ್ಚಿದ ದಿನ ಮತ್ತೆ ಶೂನ್ಯದಿಂದಲೇ ಏರಿಸುತ್ತಾ ಬನ್ನಿ.