ಆನ್ ಆಗದ ಸರ್ವರ್: ಬಿಡಿಭಾಗ ಬದಲಿಸುವ ಮೊದಲು ಮೂರು ವೈರ್

ಕೈಯಾರೆ ಜೋಡಿಸಿದ ಸರ್ವರ್ ಆನ್ ಆಗಲಿಲ್ಲ ಅಂದರೆ ಹೆಚ್ಚಿನವರು ಮೊದಲು ಪವರ್ ಸಪ್ಲೈ ಬದಲಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಬೋರ್ಡ್, ಕೊನೆಗೆ ಪ್ರೊಸೆಸರ್. ನಾನೂ ಬಹಳ ಕಾಲ ಹಾಗೇ ಮಾಡಿದೆ. ಈಗ ಸಪ್ಲೈಯಿಂದ ಬೋರ್ಡಿಗೆ ಹೋಗುವ ಮುಖ್ಯ 24 ಪಿನ್ ಕನೆಕ್ಟರಿನ ಮೂರು ವೈರ್ ಅಳೆಯದೆ ಒಂದು ಸ್ಕ್ರೂ ಕೂಡ ಬಿಚ್ಚುವುದಿಲ್ಲ. "ಮೂರು ವೈರಲ್ಲಿ ಏನು ಗೊತ್ತಾಗುತ್ತೆ, ಬದಲಿಸಿ ನೋಡೋದೇ ಬೇಗ" ಅಂತ ಜೊತೆಯಲ್ಲಿ ಕೆಲಸ ಮಾಡುವವರೇ ಹೇಳುತ್ತಿದ್ದರು. ಲೆಕ್ಕ ಬರೆದಿಟ್ಟಿಲ್ಲ. ನೆನಪಿನ ಮೇಲೆ ಹೇಳುವುದಾದರೆ ಸುಮಾರು 40 ಮೆಷಿನ್‌ಗಳಲ್ಲಿ 30ಕ್ಕಿಂತ ಹೆಚ್ಚು ಕಡೆ ದೋಷ ಸಪ್ಲೈ ಕಡೆಯದೋ ಬೋರ್ಡ್ ಕಡೆಯದೋ ಎನ್ನುವುದು ಹತ್ತು ನಿಮಿಷದೊಳಗೆ ತಿಳಿಯಿತು. ಅನುಮಾನಪಟ್ಟವರೇ ಈಗ ಮಲ್ಟಿಮೀಟರ್ ಹಿಡಿದು ಕೂರುತ್ತಾರೆ.

ಆ ಮೂರು ಪಿನ್‌ಗಳು 9, 16 ಮತ್ತು 8. 9 ಅಂದರೆ 5 ವೋಲ್ಟ್ ಸ್ಟ್ಯಾಂಡ್‌ಬೈ (ಮೆಷಿನ್ ಆಫ್ ಇದ್ದಾಗಲೂ ಇರುವ ವೋಲ್ಟೇಜ್), ನೇರಳೆ. 16 ಅಂದರೆ ಪಿಎಸ್ ಆನ್ (ಸಪ್ಲೈ ಆನ್ ಆಗು ಅಂತ ಬೋರ್ಡ್ ಹೇಳುವ ವೈರ್), ಹಸಿರು. 8 ಅಂದರೆ ಪವರ್ ಗುಡ್ (ವೋಲ್ಟೇಜ್ ಎಲ್ಲ ಸರಿಯಿದೆ ಅಂತ ಸಪ್ಲೈ ಹೇಳುವ ವೈರ್), ಬೂದು. ಈಗಿನ ಸಪ್ಲೈಗಳಲ್ಲಿ ಬಹಳ ಸಲ ಎಲ್ಲ ವೈರೂ ಕಪ್ಪು, ಬಣ್ಣ ನಂಬಿ ಕೂತರೆ ಕೆಲಸ ಆಗುವುದಿಲ್ಲ. ಇದಕ್ಕೊಂದು ಸುಲಭದ ದಾರಿ ಇದೆ. ಮೆಷಿನ್ ಆಫ್ ಇದ್ದು ಕರೆಂಟ್ ಮಾತ್ರ ಕೊಟ್ಟಿರುವಾಗ 24 ಪಿನ್‌ಗಳಲ್ಲಿ ವೋಲ್ಟೇಜ್ ಕಾಣುವುದು ಎರಡರಲ್ಲಿ ಮಾತ್ರ. ಒಂದು ಸಾಲಿನಲ್ಲಿ 9, ಇನ್ನೊಂದರಲ್ಲಿ 16. ಆ 16ರ ಎರಡೂ ಪಕ್ಕದ ಪಿನ್ ಗ್ರೌಂಡ್ ಇರಬೇಕು. ಅಷ್ಟು ಸಿಕ್ಕರೆ ಎಣಿಕೆ ತಪ್ಪಿಲ್ಲ ಅಂತ ಲೆಕ್ಕ.

ಅಳೆಯುವುದು ಕನೆಕ್ಟರ್ ಬೋರ್ಡಿಗೆ ಹಾಕಿರುವಾಗಲೇ, ಹಿಂಬದಿಯಿಂದ ವೈರ್ ಪಕ್ಕ ಸೂಜಿ ಇಳಿಸಿ. ಮೊದಮೊದಲು ನನ್ನ ಅಳತೆಯೆಲ್ಲ ತಪ್ಪಿದ್ದು ಇಲ್ಲೇ. ಕನೆಕ್ಟರ್ ಕಿತ್ತು ಅಳೆದರೆ ಸ್ಟ್ಯಾಂಡ್‌ಬೈ 5.05 ತೋರಿಸುತ್ತದೆ, ಸಪ್ಲೈ ಚೆನ್ನಾಗಿದೆ ಅನ್ನಿಸುತ್ತದೆ. ಬಲ ಕುಂದಿದ್ದರೆ, ಬೋರ್ಡಿಗೆ ಹಾಕಿದಾಗ ಅದೇ ಸಪ್ಲೈ 4.3ಕ್ಕೆ ಕುಸಿಯುತ್ತದೆ. ಮಿತಿ ಶೇಕಡಾ 5, ಅಂದರೆ 4.75ಕ್ಕಿಂತ ಕೆಳಗೆ ಹೋಗುವಂತಿಲ್ಲ. ಸರ್ವರ್ ಬೋರ್ಡಿನ ಬಿಎಂಸಿ (ಮೆಷಿನ್ ಆಫ್ ಇದ್ದಾಗಲೂ ಅದನ್ನು ನೋಡಿಕೊಳ್ಳುವ ಪುಟ್ಟ ಕಂಪ್ಯೂಟರ್) ಪೂರ್ತಿ ಬದುಕಿರುವುದು ಈ ಒಂದು ವೈರಿನ ಮೇಲೆ. ಹಾಗಾಗಿ ಡೆಸ್ಕ್‌ಟಾಪ್ ಬೋರ್ಡಿನಲ್ಲಿ ಸರಿಯಾಗಿ ನಡೆಯುವ ಹಳೇ ಸಪ್ಲೈ ಸರ್ವರ್ ಬೋರ್ಡಿನಲ್ಲಿ ಕೈಕೊಡುತ್ತದೆ. "ಬೇರೆ ಮೆಷಿನ್‌ನಲ್ಲಿ ಓಡ್ತಿದೆಯಲ್ಲ" ಎನ್ನುವ ಮಾತಿಗೆ ಬೆಲೆಯಿಲ್ಲ ಅನ್ನುವುದು ಇದಕ್ಕೇ. ನಾನು 5 ಓಮ್‌ನ 10 ವಾಟ್ ರೆಸಿಸ್ಟರ್ ಒಂದನ್ನು ಕ್ಲಿಪ್ ಸಮೇತ ಇಟ್ಟುಕೊಂಡಿದ್ದೇನೆ. 9 ಮತ್ತು ಗ್ರೌಂಡ್ ನಡುವೆ ಹಾಕಿದರೆ 1 ಆಂಪ್ ಎಳೆಯುತ್ತದೆ, ಅಂಥದೇ ಎರಡನ್ನು ಪ್ಯಾರಲಲ್ ಹಾಕಿದರೆ 2 ಆಂಪ್. ಅಷ್ಟಕ್ಕೂ 4.9 ನಿಂತರೆ ಸಪ್ಲೈಯ ಸ್ಟ್ಯಾಂಡ್‌ಬೈ ಭಾಗ ಗಟ್ಟಿ. ರೆಸಿಸ್ಟರ್ ಸುಡುವಷ್ಟು ಬಿಸಿಯಾಗುತ್ತದೆ, ಮೇಜಿನ ಮೇಲೆ ಬಿಡಬೇಡಿ.

9ರಲ್ಲಿ ಏನೂ ಇಲ್ಲದಿದ್ದರೆ 24 ಪಿನ್ ಕೀಳಿ. ಆಗ 5 ವೋಲ್ಟ್ ಮರಳಿ ಬಂದರೆ ಎಳೆಯುತ್ತಿರುವುದು ಬೋರ್ಡ್. ಸಪ್ಲೈ ಪ್ರೊಟೆಕ್ಷನ್‌ಗೆ ಹೋಗಿ ಲ್ಯಾಚ್ ಆಗಿರಬಹುದು (ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಂತು ಹಾಗೇ ಉಳಿದಿರಬಹುದು), ಅದಕ್ಕೆ ಗೋಡೆಯ ಪ್ಲಗ್ ತೆಗೆದು ಅರ್ಧ ನಿಮಿಷ ಬಿಟ್ಟು ಮತ್ತೆ ನೋಡಿ. ಬೋರ್ಡ್ ಎಳೆಯುತ್ತಿದೆ ಅಂದಾಕ್ಷಣ ಬೋರ್ಡ್ ಸತ್ತಿದೆ ಎಂದಲ್ಲ. ಕೇಸಿನ ಮುಂಭಾಗದ ಯುಎಸ್‌ಬಿ 3 ಹೆಡರಿನಲ್ಲಿ (ಬೋರ್ಡಿನ ಮೇಲೆ ವೈರ್ ಸಿಕ್ಕಿಸುವ ಪಿನ್‌ಗಳ ಗುಂಪು) ಒಂದು ಪಿನ್ ಮಡಚಿ ಪಕ್ಕದ್ದಕ್ಕೆ ತಾಗಿದ್ದರೂ ಸ್ಟ್ಯಾಂಡ್‌ಬೈ ಬಿದ್ದುಹೋಗುತ್ತದೆ. ನನಗೆ ಸಿಕ್ಕಿದ್ದರಲ್ಲಿ ನಾಲ್ಕೈದು ಬೋರ್ಡ್ ಇದೇ ಕಾರಣಕ್ಕೆ ಗುಜರಿ ರಾಶಿಗೆ ಬಂದಿದ್ದವು. ಪಿನ್ ನೇರ ಮಾಡಿದ ಮೇಲೆ ಇವತ್ತಿಗೂ ಓಡುತ್ತಿವೆ.

ಇನ್ನು 16. ವಿಷಯ ಇರುವುದೆಲ್ಲ ಇಲ್ಲಿ. ಆಫ್ ಇದ್ದಾಗ ಸಪ್ಲೈ ಇದನ್ನು ಮೇಲೆ ಹಿಡಿದಿರುತ್ತದೆ, ಬಟನ್ ಒತ್ತಿದಾಗ ಬೋರ್ಡ್ ಸೊನ್ನೆಗೆ ಎಳೆಯುತ್ತದೆ. ಒತ್ತಿದರೂ ಕದಲದೆ ಮೇಲೇ ನಿಂತಿದ್ದರೆ ಬೋರ್ಡ್ ಕರೆಂಟ್ ಕೇಳಿಯೇ ಇಲ್ಲ, ಸಪ್ಲೈ ಬದಲಿಸಿ ಪ್ರಯೋಜನವಿಲ್ಲ. ಬಟನ್ ಬಿಟ್ಟು ಪವರ್ ಬಟನ್ ಹೆಡರಿನ ಎರಡು ಪಿನ್ ಸ್ಕ್ರೂಡ್ರೈವರ್‌ನಿಂದ ತಾಗಿಸಿ. ಸರ್ವರ್ ಬೋರ್ಡಿನ ಫ್ರಂಟ್ ಪ್ಯಾನಲ್ ಹೆಡರ್ ಡೆಸ್ಕ್‌ಟಾಪ್ ಬೋರ್ಡಿನಂತೆ ಇರುವುದಿಲ್ಲ, ಬಿಡಿ ವೈರಿನ ಕೇಸ್ ಬಳಸಿದರೆ ಪವರ್ ಬಟನ್ ವೈರ್ ಯುಐಡಿ (ಮೆಷಿನ್ ಗುರುತಿಸುವ ದೀಪದ ಬಟನ್) ಪಿನ್ನಿಗೋ ಎಲ್‌ಇಡಿ ಪಿನ್ನಿಗೋ ಹೋಗಿರುತ್ತದೆ. ಬಿಎಂಸಿ ಎದ್ದೇಳಲು ಒಂದೆರಡು ನಿಮಿಷ ಬೇಕು. ಪಕ್ಕದ ಹಾರ್ಟ್‌ಬೀಟ್ ಎಲ್‌ಇಡಿ ಮಿನುಗುವ ತನಕ ಕೆಲವು ಬೋರ್ಡ್‌ಗಳು ಬಟನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮಿನುಗುತ್ತಿದ್ದರೆ ನೆಟ್‌ವರ್ಕ್ ವೈರ್ ಹಾಕಿ ಐಪಿಎಂಐಟೂಲ್‌ನಲ್ಲಿ (ಬಿಎಂಸಿ ಜೊತೆ ಮಾತಾಡುವ ಪ್ರೋಗ್ರಾಂ) ಪವರ್ ಆನ್ ಕೊಡಿ, ಎಸ್‌ಇಎಲ್ (ಬಿಎಂಸಿ ಬರೆದಿಡುವ ಘಟನೆಗಳ ದಾಖಲೆ) ಓದಿ. ಅರ್ಧ ಸಲ ಉತ್ತರ ಅಲ್ಲೇ ಬರೆದಿರುತ್ತದೆ. ಇಷ್ಟಕ್ಕೂ ಏಳದಿದ್ದರೆ ಪ್ರೊಸೆಸರ್ ಸಾಕೆಟ್ಟಿನಲ್ಲಿ ಕೂತಿಲ್ಲ, ಎರಡು ಸಾಕೆಟ್ ಬೋರ್ಡಿನಲ್ಲಿ ಒಂದನೆಯದನ್ನು ಖಾಲಿ ಬಿಟ್ಟು ಎರಡನೆಯದಕ್ಕೆ ಹಾಕಿದ್ದಾರೆ, ಇಲ್ಲವೇ ನಾಣ್ಯದ ಸೆಲ್ ಸತ್ತಿದೆ. ಸಿಆರ್2032 ಸೆಲ್ 2.6ಕ್ಕಿಂತ ಇಳಿದಿದ್ದರೆ ಯೋಚಿಸದೆ ಬದಲಿಸಿ. ಇಡೀ ಮೆಷಿನ್‌ನಲ್ಲಿ ಅದಕ್ಕಿಂತ ಅಗ್ಗದ ಭಾಗ ಇಲ್ಲ.

16 ಕೆಳಗಿಳಿದು ಅಲ್ಲೇ ನಿಂತಿದೆ, ಆದರೆ 12 ವೋಲ್ಟ್ ಇಲ್ಲ ಅಂದರೆ ಬೋರ್ಡ್ ಕೇಳುತ್ತಿದೆ, ಸಪ್ಲೈ ಕೊಡುತ್ತಿಲ್ಲ. ಸಪ್ಲೈ ಹಾಳಾಗಿದೆ ಅಥವಾ ಎಲ್ಲೋ ಶಾರ್ಟ್ ಕಂಡು ಕೈ ಹಿಂತೆಗೆದುಕೊಂಡಿದೆ. ಕೆಳಗಿಳಿದು ಮತ್ತೆ ತಾನೇ ಮೇಲೆ ಹೋಯಿತು ಅಂದರೆ ಮೊದಲು ಕೇಳಿದ ಬೋರ್ಡೇ ಆಮೇಲೆ ಬೇಡ ಅಂದಿದೆ. ವಿಆರ್‌ಎಂ (12 ವೋಲ್ಟನ್ನು ಪ್ರೊಸೆಸರಿಗೆ ಬೇಕಾದಷ್ಟಕ್ಕೆ ಇಳಿಸುವ ಬೋರ್ಡಿನ ಭಾಗ) ದೋಷ, ಹಾಕದೆ ಬಿಟ್ಟ 8 ಪಿನ್ ಸಿಪಿಯು ಕನೆಕ್ಟರ್, ಪ್ರೊಸೆಸರ್ ಅತಿ ಬಿಸಿಯಾಗಿದೆ ಎನ್ನುವ ಸಂಕೇತ, ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಫ್ಯಾನ್ ಒಂದು ಸಲ ಅಲುಗಿ ನಿಲ್ಲುತ್ತದೆ. ಇದನ್ನು ಬೇರ್ಪಡಿಸಲು ಬಾರದೆ ನಾನು ಒಮ್ಮೆ ಎರಡು ಸಪ್ಲೈ ಮತ್ತು ಒಂದು ಬೋರ್ಡ್ ದಂಡವಾಗಿ ತರಿಸಿದ್ದೆ. ಕೊನೆಗೆ ದೋಷ ಇದ್ದದ್ದು ಎರಡನೇ ಪ್ರೊಸೆಸರಿನ 8 ಪಿನ್ ಕೇಬಲ್ ಅರ್ಧ ಮಾತ್ರ ಒಳಗೆ ಹೋಗಿದ್ದರಲ್ಲಿ. ಆ ಹಣದಲ್ಲಿ ಒಳ್ಳೆಯ ಮೀಟರ್ ಹತ್ತಾದರೂ ಬರುತ್ತಿದ್ದವು.

ತೊಡಕು ಏನೆಂದರೆ ಮೀಟರಿನ ಡಿಸ್‌ಪ್ಲೇ ಸೆಕೆಂಡಿಗೆ ಮೂರ್ನಾಲ್ಕು ಸಲ ಮಾತ್ರ ಬದಲಾಗುತ್ತದೆ. ಬೋರ್ಡ್ 50 ಮಿಲಿಸೆಕೆಂಡಿನಲ್ಲಿ ಕೈಬಿಟ್ಟರೆ ಏನೂ ಕಾಣುವುದಿಲ್ಲ. ಎಲ್‌ಇಡಿಗೆ 1 ಕಿಲೋ ಓಮ್ ಸೇರಿಸಿ 16ಕ್ಕೆ ಹಾಕಿ ನೋಡಿದೆ. ಎಲ್‌ಇಡಿಯೇ ಆ ಪಿನ್ನನ್ನು ಕೆಳಗೆಳೆದು ಬಟನ್ ಒತ್ತದೆಯೂ ಸಪ್ಲೈ ಆನ್ ಆಯಿತು. 16ನ್ನು ಮೇಲೆ ಹಿಡಿದಿರುವ ಸಪ್ಲೈಯ ಪುಲ್‌ಅಪ್ ಅಷ್ಟು ತೆಳು. ಕೊನೆಗೆ ಕೈಹಿಡಿದದ್ದು ಅಗ್ಗದ 8 ಚಾನೆಲ್ ಯುಎಸ್‌ಬಿ ಲಾಜಿಕ್ ಅನಲೈಸರ್, ಹಲವು ವೈರ್‌ಗಳು ಯಾವಾಗ ಏರಿದವು, ಇಳಿದವು ಅಂತ ಕಂಪ್ಯೂಟರಿನಲ್ಲಿ ಗೆರೆಯಾಗಿ ತೋರಿಸುವ ಸಾಧನ. 9, 16, 8 ನೇರವಾಗಿ. 12 ವೋಲ್ಟ್ ಮಾತ್ರ 10 ಕಿಲೋ ಮತ್ತು 4.7 ಕಿಲೋ ಓಮ್ ಡಿವೈಡರ್ (ವೋಲ್ಟೇಜ್ ಇಳಿಸುವ ಎರಡು ರೆಸಿಸ್ಟರ್) ಮೂಲಕ, ಅಲ್ಲಿ 3.8 ವೋಲ್ಟ್ ಸಿಗುತ್ತದೆ. ಮೊದಲ ಅನಲೈಸರ್ ಸುಟ್ಟಿತು. 16ರಿಂದ ಎರಡೇ ಪಿನ್ ಆಚೆ ಇರುವ 14ರಲ್ಲಿ ಮೈನಸ್ 12 ವೋಲ್ಟ್ ಬರುತ್ತದೆ, ಸೂಜಿ ಜಾರಿತು. ಈಗ 14ರ ಮೇಲೆ ಟೇಪ್ ಸುತ್ತಿದ ಮೇಲೇ ಮುಂದಿನ ಕೆಲಸ.

ಸರಿಯಿರುವ ಮೆಷಿನ್‌ನಲ್ಲಿ 16 ಇಳಿಯುತ್ತದೆ, 12 ವೋಲ್ಟ್ ಏರುತ್ತದೆ, ಅದಾಗಿ 100ರಿಂದ 500 ಮಿಲಿಸೆಕೆಂಡಿನಲ್ಲಿ 8 ಮೇಲೆ ಹೋಗುತ್ತದೆ. 12 ಇದ್ದೂ 8 ಏರದಿದ್ದರೆ ಸಪ್ಲೈ ತೆಗೆದಿಡಿ. 8 ಕೂಡ ಏರಿ ನಿಂತಿದೆ, ಸ್ಕ್ರೀನ್ ಮಾತ್ರ ಕಪ್ಪು ಅಂದರೆ ಅದು ಸಪ್ಲೈಯ ಸಮಸ್ಯೆ ಅಲ್ಲ, ಮೆಮೊರಿ ಕಡೆ ಹೋಗಿ. ಹೆಚ್ಚು ಮೆಮೊರಿ ಇರುವ ಬೋರ್ಡ್ ಮೊದಲ ಸಲ ಟ್ರೈನಿಂಗ್‌ಗೆ (ಮೆಮೊರಿಗೆ ತನ್ನನ್ನು ಹೊಂದಿಸಿಕೊಳ್ಳುವುದಕ್ಕೆ) ಹಲವು ನಿಮಿಷ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಆಫ್ ಮಾಡುವವರೇ ಜಾಸ್ತಿ. 16ರ ಗೆರೆ ಇಳಿದು ಏರುವ ಅಂತರ ನೋಡಿಯೇ ವಿಆರ್‌ಎಂನ ಯಾವ ಹಂತದಲ್ಲಿ ತಪ್ಪಿದೆ ಎಂದು ಹೇಳುವ ಅಭ್ಯಾಸ ನನಗಾಗಿದೆ. ಅದರ ಪಟ್ಟಿ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ವರ್ಷಗಟ್ಟಲೆ ಕೂತು ಕಟ್ಟಿದ್ದು.

ಅನಲೈಸರ್ ಇಲ್ಲದಿದ್ದರೆ ಕೈಗಡಿಯಾರವೂ ಆದೀತು. ಆನ್ ಆದ ಮೆಷಿನ್ ಅರ್ಧ ಸೆಕೆಂಡಿನೊಳಗೆ ಬಿದ್ದರೆ, ಅಂದರೆ ಆಫ್ ಆದರೆ, ಶಾರ್ಟ್ ಅಥವಾ ಪ್ರೊಟೆಕ್ಷನ್. ಸರಿಯಾಗಿ ನಾಲ್ಕೈದು ಸೆಕೆಂಡಿಗೆ ಬಿದ್ದರೆ ಕೇಸಿನ ಬಟನ್ ಒಳಗೆ ಸಿಕ್ಕಿಕೊಂಡಿದೆ, 4 ಸೆಕೆಂಡ್ ಒತ್ತಿ ಹಿಡಿದರೆ ಆಫ್ ಆಗುವುದು ನಿಯಮ. ಬಟನ್ ವೈರ್ ಕಿತ್ತರೆ ಮುಗಿಯಿತು. ಅರ್ಧ ನಿಮಿಷ ಓಡಿ ಬಿದ್ದರೆ ಹೀಟ್‌ಸಿಂಕ್ ನೋಡಿ.

ಶಾರ್ಟ್ ಹುಡುಕುವಾಗ ಬೋರ್ಡನ್ನು ಕೇಸಿನಿಂದ ತೆಗೆದು ಒಣ ರಟ್ಟಿನ ಮೇಲೆ ಇಡಿ, ಒಂದು ಪ್ರೊಸೆಸರ್, ಒಂದೇ ಮೆಮೊರಿ, ಕಾರ್ಡ್ ಯಾವುದೂ ಬೇಡ. ಹೊರಗೆ ಆನ್ ಆದರೆ ಕೇಸಿನಲ್ಲಿ ರಂಧ್ರವಿಲ್ಲದ ಜಾಗದಲ್ಲಿ ಉಳಿದ ಹಿತ್ತಾಳೆ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಎತ್ತಿ ಹಿಡಿಯುವ ಸ್ಕ್ರೂ ಕಂಬ) ಹುಡುಕಿ. ಇ-ಎಟಿಎಕ್ಸ್‌ಗೆ ಹೊಂದಿಸಿದ ಕೇಸಿಗೆ ಎಸ್‌ಎಸ್‌ಐ ಇಇಬಿ ಬೋರ್ಡ್ ಹಾಕಿದಾಗ ಇದು ಸುಲಭವಾಗಿ ಆಗುತ್ತದೆ, ಎರಡೂ ದೊಡ್ಡ ಬೋರ್ಡಿನ ಅಳತೆಗಳೇ ಆದರೂ ರಂಧ್ರಗಳ ಜಾಗ ಒಂದೇ ಅಲ್ಲ. ಹೊರಗೂ ಬೀಳುತ್ತಿದ್ದರೆ ಕರೆಂಟ್ ತೆಗೆದು ಬೋರ್ಡಿನ 8 ಪಿನ್ ಸಾಕೆಟ್‌ನಲ್ಲಿ 12 ವೋಲ್ಟ್ ಮತ್ತು ಗ್ರೌಂಡ್ ನಡುವೆ ಓಮ್ ನೋಡಿ. ಕೆಪಾಸಿಟರ್ ತುಂಬುತ್ತಾ ಅಂಕಿ ಮೇಲೇರಬೇಕು. 1 ಓಮ್ ಆಸುಪಾಸಿನಲ್ಲೇ ಅಂಟಿಕೊಂಡರೆ ವಿಆರ್‌ಎಂನ ಮೇಲಿನ ಮಾಸ್‌ಫೆಟ್ (12 ವೋಲ್ಟ್ ಕಡೆಯ ಸ್ವಿಚ್) ಹೋಗಿರಬಹುದು. ಆದರೆ ಕಾಯಿಲ್‌ಗಳ ಪ್ರೊಸೆಸರ್ ಕಡೆಯ ತುದಿಯಲ್ಲಿ ಅರ್ಧ ಓಮ್ ಕಂಡರೆ ಗಾಬರಿ ಬೇಡ, ದೊಡ್ಡ ಪ್ರೊಸೆಸರ್‌ಗಳಿಗೆ ಅದು ಸಹಜ. ಇದು ತಿಳಿಯದೆ ಒಳ್ಳೆಯ ಮಾಸ್‌ಫೆಟ್‌ಗಳನ್ನು ಬಿಸಿಗಾಳಿಯಲ್ಲಿ ಕಿತ್ತವರಿದ್ದಾರೆ, ನಾನೂ ಒಂದು ಬೋರ್ಡ್ ಹಾಗೆ ಕಳೆದುಕೊಂಡೆ. ಯಾವ ಭಾಗ ಹೋಗಿದೆ ಅಂತ ಹಿಡಿಯಲು ಪ್ರೊಸೆಸರ್ ತೆಗೆದು, ಬೆಂಚ್ ಸಪ್ಲೈಯಿಂದ (ವೋಲ್ಟ್, ಆಂಪ್ ಹೊಂದಿಸಬಹುದಾದ ಸಪ್ಲೈ) ಅದೇ 12 ವೋಲ್ಟ್ ಪಿನ್ನಿಗೆ 1 ವೋಲ್ಟ್ ಮೀರದಂತೆ 3 ಆಂಪ್‌ವರೆಗೆ ಕೊಟ್ಟು, ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಸವರಿ. ಇಡೀ ಬೋರ್ಡ್ ಒದ್ದೆಯಾಗಿ ಹೊಳೆಯುತ್ತಿರುವಾಗ ಒಂದೇ ಒಂದು ಕಡೆ, ಸಾಸಿವೆ ಕಾಳಿನಷ್ಟು ಜಾಗ, ಮೊದಲು ಒಣಗಿ ಮಂಕಾಗುತ್ತದೆ. ಅದೇ ಅಪರಾಧಿ, ಬಹಳ ಸಲ ಮಾಸ್‌ಫೆಟ್ಟೂ ಅಲ್ಲ, ಪಕ್ಕದ ಸೆರಾಮಿಕ್ ಕೆಪಾಸಿಟರ್.

ಹಣ ಹೆಚ್ಚು ಹೋಗುವುದು ಕೇಬಲ್‌ನಿಂದ. ಮಾಡ್ಯುಲರ್ ಸಪ್ಲೈಯ (ಕೇಬಲ್ ಕಿತ್ತು ಹಾಕಬಹುದಾದ ಸಪ್ಲೈ) ಕೇಬಲ್ ಬೋರ್ಡ್ ತುದಿಯಲ್ಲಿ ಒಂದೇ ಥರ, ಸಪ್ಲೈ ತುದಿಯಲ್ಲಿ ಎಲ್ಲರಿಗೂ ಒಂದೇ ಅನ್ನುವ ನಿಯಮವಿಲ್ಲ. ಸಪ್ಲೈ ಬದಲಿಸಿ ಹಳೇ ಕೇಬಲ್ ಉಳಿಸಿಕೊಂಡರೆ 5 ವೋಲ್ಟ್ ಜಾಗದಲ್ಲಿ 12 ಹೋಗಿ ಡಿಸ್ಕ್‌ಗಳು ಸಾಲಾಗಿ ಸಾಯಬಹುದು. "ಸಪ್ಲೈ ಬದಲಿಸಿ ನೋಡು" ಎನ್ನುವ ಸಲಹೆಯ ನಿಜವಾದ ಬೆಲೆ ಇದು, ನನಗೆ ನಾಲ್ಕು ಡಿಸ್ಕ್ ಆಯಿತು. ಹಾಗೇ ಪಿಸಿಐಇ (ಗ್ರಾಫಿಕ್ಸ್ ಕಾರ್ಡಿಗೆ ಹೋಗುವ) 8 ಪಿನ್ ಮತ್ತು ಸಿಪಿಯು 8 ಪಿನ್: ಮೊದಲನೆಯದರಲ್ಲಿ 12 ವೋಲ್ಟ್ ಮೂರು, ಗ್ರೌಂಡ್ ಐದು, ಎರಡನೆಯದರಲ್ಲಿ ನಾಲ್ಕು ನಾಲ್ಕು, ಸಾಲು ಕೂಡ ತಿರುಗುಮುರುಗು. ಬಲವಂತವಾಗಿ ಒತ್ತಿದರೆ ಒಳಗೆ ಹೋಗುತ್ತದೆ, ಸಪ್ಲೈ ಟಿಕ್ ಅಂದು ಸುಮ್ಮನಾಗುತ್ತದೆ. ಈಗ ಪ್ರತಿ ಸಪ್ಲೈಯ ಕೇಬಲ್‌ಗಳನ್ನು ಅದರದೇ ಚೀಲದಲ್ಲಿ ಕಟ್ಟಿ, ಅದರದೇ ನಂಬರ್ ಬರೆದಿಡುತ್ತೇನೆ.