‘ಅರ್ಥ ಆಯ್ತಾ?’ ಅಂತ ಕೇಳುವುದನ್ನು ಬಿಟ್ಟ ಮೇಲೆ

ಹೊಟ್ಟೆಯಲ್ಲಿರುವ ಮಗುವಿಗೆ ಡೌನ್ ಸಿಂಡ್ರೋಮ್‌ನಂಥ ದೋಷವಿರುವ ಸಾಧ್ಯತೆ ಎಷ್ಟು ಎಂದು ಹೇಳುವ ರಕ್ತಪರೀಕ್ಷೆ ಡಬಲ್ ಮಾರ್ಕರ್. ಅದರ ಬಗ್ಗೆ ಗರ್ಭಿಣಿಯರಿಗೆ ಹೇಳಿ ‘ಅರ್ಥ ಆಯ್ತಾ?’ ಅಂದರೆ ‘ಆಯ್ತು ಮೇಡಂ’ ಅಂತಲೇ ಬರುತ್ತದೆ. ಆ ಉತ್ತರಕ್ಕೆ ಬೆಲೆಯಿಲ್ಲ. ನಾನು ಕೇಳುವುದು, ‘ಮನೇಲಿ ಅತ್ತೆ ಯಾಕಮ್ಮ ಈ ಟೆಸ್ಟು ಅಂದ್ರೆ ಏನ್ ಹೇಳ್ತೀರಿ?’ ‘ರಕ್ತ ಎಷ್ಟಿದೆ ಅಂತ ನೋಡ್ತಾರೆ’ ಎಂದರೆ ಮೊದಲಿನಿಂದ ಶುರು. ಗಂಡನೋ ಅತ್ತೆಯೋ ನಡುವೆ ಬಾಯಿ ಹಾಕುವುದು ಇದ್ದದ್ದೇ. ತೂಕ ನೋಡುವ ನೆಪದಲ್ಲಿ ಐದು ನಿಮಿಷ ಗರ್ಭಿಣಿಯೊಬ್ಬರನ್ನೇ ಒಳಗೆ ಕರೆಯುತ್ತೇನೆ.

ಹೆಚ್ಚಿನವರು ಎಡವುವುದು ಅಂಕಿಯಲ್ಲಿ. ರಿಪೋರ್ಟಿನಲ್ಲಿ ಮಗುವಿಗೆ ದೋಷವಿರುವ ಸಾಧ್ಯತೆ 250ಕ್ಕೆ ಒಂದು, 1000ಕ್ಕೆ ಒಂದು ಎಂದರೆ ದೊಡ್ಡ ಅಂಕಿಯೇ ದೊಡ್ಡ ಅಪಾಯ ಅಂದುಕೊಳ್ಳುತ್ತಾರೆ. ಅದಕ್ಕೇ ಎರಡನ್ನೂ ಸಾವಿರಕ್ಕೆ ತಂದು, 4 ಮತ್ತು 1 ಎಂದು ಹೇಳುತ್ತೇನೆ. ಮೇಜಿನ ಮೇಲೆ ಎರಡು ಗಾಜಿನ ಬಾಟಲಿ, ಒಂದೊಂದರಲ್ಲೂ ಸಾವಿರ ಹೆಸರುಕಾಳು. ಒಂದಕ್ಕೆ ನಾಲ್ಕು ಕರಿ ಉದ್ದು, ಇನ್ನೊಂದಕ್ಕೆ ಒಂದೇ ಒಂದು. ಕಡಲೆಕಾಳು ಹಾಕಬೇಡಿ, ಅಲ್ಲಾಡಿಸಿದರೆ ದಪ್ಪ ಕಾಳು ಮೇಲೆದ್ದು ಬರುತ್ತದೆ, ಅಪಾಯ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ‘ಲೋ ರಿಸ್ಕ್’ ಅಂದರೆ ‘ನಾರ್ಮಲ್’ ಅಲ್ಲ ಎನ್ನುವುದಕ್ಕೂ ಎರಡನೇ ಬಾಟಲಿಯೇ ಸಾಕು: ಆ ಒಂದು ಉದ್ದು ಒಳಗೇ ಇದೆ. ‘ಪಾಸಿಟಿವ್’ ಎಂಬ ಪದವನ್ನು ನಾನು ಬಳಸುವುದೇ ಇಲ್ಲ. ಎರಡು ಗೆರೆ ಬಂದ ದಿನ ಮನೆಯವರೆಲ್ಲ ಖುಷಿಪಟ್ಟದ್ದು ಅದೇ ಪದಕ್ಕೆ.

ಸೋದರಮಾವನನ್ನೇ ಮದುವೆಯಾದವರು ಈ ಪರೀಕ್ಷೆ ಸಂಬಂಧದೊಳಗಿನ ಮದುವೆಯ ತೊಂದರೆಯನ್ನೂ ಹೇಳುತ್ತದೆ ಎಂದು ನಂಬಿರುತ್ತಾರೆ. ಹೇಳುವುದಿಲ್ಲ. ಡಬಲ್ ಮಾರ್ಕರ್ ನೋಡುವುದು ಮುಖ್ಯವಾಗಿ ಡೌನ್ ಸಿಂಡ್ರೋಮ್‌ನಂಥ ವರ್ಣತಂತುವಿನ ಎಣಿಕೆಯ ದೋಷವನ್ನು. ಅದು ಬಹುಪಾಲು ವಂಶದಿಂದ ಬರುವಂಥದ್ದಲ್ಲ. ಥಲಸ್ಸೇಮಿಯಾದಂಥ, ವಂಶದಿಂದ ಬರುವ ರಕ್ತದ ಕಾಯಿಲೆಗೆ ದಾರಿಯೇ ಬೇರೆ: ಮೊದಲು ತಾಯಿಯ ಎಚ್‌ಬಿಎ2 (ರಕ್ತದಲ್ಲಿರುವ ಒಂದು ಬಗೆಯ ಹಿಮೋಗ್ಲೋಬಿನ್), ಅದು ಹೆಚ್ಚಿದ್ದರೆ ಗಂಡನದ್ದು. ಇಬ್ಬರೂ ವಾಹಕರಾದರೆ, ಅಂದರೆ ತಮಗೆ ಕಾಯಿಲೆಯಿಲ್ಲದೆ ಅದರ ಜೀನ್ ಮಾತ್ರ ಹೊತ್ತವರಾದರೆ, ಪ್ರತಿ ಬಸಿರಿಗೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ‘ಮೊದಲನೇದಕ್ಕೆ ಬಂತಲ್ಲ, ಇನ್ನು ಮೂರಕ್ಕೆ ಭಯವಿಲ್ಲ’ ಅನ್ನುವವರಿಗೆ ಪ್ರತಿ ಸಲವೂ ಹೊಸದಾಗಿ ಚೀಟಿ ಎತ್ತಿದ ಹಾಗೆ ಎನ್ನುತ್ತೇನೆ.

ತಾಯಿಯ ರಕ್ತದಲ್ಲಿ ಸಿಗುವ ಬಸಿರಿನ ಡಿಎನ್‌ಎ ನೋಡುವ ಎನ್‌ಐಪಿಟಿ ಪರೀಕ್ಷೆ ದುಬಾರಿ, ಅದಕ್ಕೇ ‘ಇದೇ ಫೈನಲ್’ ಎಂಬ ನಂಬಿಕೆ. ಡೌನ್ ಸಿಂಡ್ರೋಮ್ ಇರುವ 100 ಮಕ್ಕಳಲ್ಲಿ ಸುಮಾರು 99ನ್ನು ಅದು ಹಿಡಿಯುತ್ತದೆ, ನಿಜ. ಆದರೆ ಸಾವಿರಕ್ಕೊಂದು ಸಾಧ್ಯತೆಯಿರುವ 10,000 ಗರ್ಭಿಣಿಯರಲ್ಲಿ ತೊಂದರೆಯಿರುವ ಮಗು 10. ಸಾವಿರಕ್ಕೆ ಒಂದೇ ಸುಳ್ಳು ಎಚ್ಚರಿಕೆ ಬಂದರೂ ಇನ್ನೊಂದು 10. ಅಂದರೆ ‘ಹೈ ರಿಸ್ಕ್’ ಬಂದವರಲ್ಲಿ ಅರ್ಧದಷ್ಟು ಮಕ್ಕಳಿಗೆ ಆ ದೋಷ ಇರುವುದೇ ಇಲ್ಲ. ದೋಷ ಇದೆಯೋ ಇಲ್ಲವೋ ಖಚಿತವಾಗಿ ಹೇಳುವ ಅಮ್ನಿಯೊಸೆಂಟೆಸಿಸ್ ಪರೀಕ್ಷೆಗೆ ಮುಂಚೆ ಗರ್ಭ ತೆಗೆಸುವ ಮಾತು ಎತ್ತಲೇಬಾರದು.

ಅಮ್ನಿಯೊ 15 ವಾರ ತುಂಬಿದ ಮೇಲೆ. ಹೊಟ್ಟೆಯ ಮೂಲಕ ಸೂಜಿ ಹಾಕಿ ಮಗುವಿನ ಸುತ್ತಲಿನ 15ರಿಂದ 20 ಮಿಲಿ ನೀರು ತೆಗೆಯುವುದು. ‘ಮಗುವಿಗೆ ಚುಚ್ಚುತ್ತಾರಾ?’ ಎಂದು ಬಾಯಿಬಿಟ್ಟು ಕೇಳದಿದ್ದರೂ ಎಲ್ಲರ ಮನಸ್ಸಿನಲ್ಲೂ ಅದೇ ಇರುತ್ತದೆ; ಸ್ಕ್ಯಾನ್ ನೋಡಿಕೊಂಡೇ ಸೂಜಿ ಒಳಗೆ ಹೋಗುತ್ತದೆ ಎಂದು ನಾನೇ ಮೊದಲು ಹೇಳಿಬಿಡುತ್ತೇನೆ. ಗರ್ಭಪಾತದ ಸಣ್ಣ ಅಪಾಯವನ್ನೂ ಮುಚ್ಚಿಡುವುದಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾನೂನಿನ ಪ್ರಕಾರ ಒಪ್ಪಿಗೆ ಪತ್ರ, ಅಂದರೆ ಫಾರ್ಮ್ ಜಿ, ಅವರಿಗೆ ತಿಳಿಯುವ ಭಾಷೆಯಲ್ಲಿರಬೇಕು, ಒಂದು ಪ್ರತಿ ಅವರ ಕೈಗೆ ಹೋಗಬೇಕು. ಗಂಡೋ ಹೆಣ್ಣೋ ಎಂಬುದು ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ ಎಂದು ಕೇಳುವ ಮೊದಲೇ ಹೇಳಿಬಿಟ್ಟರೆ ಆಮೇಲಿನ ಮುಜುಗರ ತಪ್ಪುತ್ತದೆ.

ದಿನದ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಮಗುವಿನ ಕತ್ತಿನ ಹಿಂದಿನ ನೀರಿನ ಪದರ ಅಳೆಯುವ ಎನ್‌ಟಿ ಸ್ಕ್ಯಾನ್‌ಗೆ 11ರಿಂದ 13 ವಾರ 6 ದಿನ, ಅಷ್ಟೇ. 20ನೇ ವಾರಕ್ಕೆ ಬಂದು, ಡಬಲ್ ಮಾರ್ಕರ್ ತಪ್ಪಿದವರಿಗೆ ಮಾಡುವ ಕ್ವಾಡ್ರುಪಲ್ ರಕ್ತಪರೀಕ್ಷೆಗೆ ರಕ್ತ ಕೊಟ್ಟರೆ ರಿಪೋರ್ಟಿಗೆ ಒಂದು ವಾರ, ಅಮ್ನಿಯೊ ಆಗಿ ಕ್ಯಾರಿಯೊಟೈಪ್, ಅಂದರೆ ವರ್ಣತಂತುಗಳ ರಿಪೋರ್ಟು, ಕೈಗೆ ಬರಲು ಇನ್ನೆರಡು ಮೂರು ವಾರ. ಅಷ್ಟರಲ್ಲಿ 24 ದಾಟಿದರೆ ಗರ್ಭ ತೆಗೆಸಲು ಮೆಡಿಕಲ್ ಬೋರ್ಡ್ ಮುಂದೆ ಹೋಗಬೇಕು. ಅದಕ್ಕೇ ಮೊದಲ ಭೇಟಿಯಲ್ಲೇ ತಾಯಿ ಕಾರ್ಡಿನ ಹಿಂದೆ ವಾರದ ಸಂಖ್ಯೆಯಲ್ಲ, ಕ್ಯಾಲೆಂಡರ್ ತಾರೀಖನ್ನೇ ಬರೆದುಕೊಡುತ್ತೇನೆ.